ಕ್ಯಾಮೆರಾ ನನ್ನ ಕಡೆ ತಿರುಗಿದ್ದು

ಕ್ಯಾಮೆರಾ ನದಿಯನ್ನು ನೋಡುವಂತೆ ಕೂರಿಸಬೇಕು ಎಂದು ನಾನು ಹೇಳಿದ್ದೆ. ಇಷ್ಟು ನನಗೆ ಖಚಿತವಾಗಿ ನೆನಪಿದೆ. ಅಥವಾ ಖಚಿತವಾಗಿ ನೆನಪಿದೆ ಎಂದು ಅನ್ನಿಸುತ್ತದೆ. ಈಚೆಗೆ ಈ ಎರಡರ ನಡುವಿನ ಅಂತರ ನನ್ನನ್ನು ಬಹಳ ಕಾಡುತ್ತಿದೆ.

ನನ್ನದೊಂದು ಪುಟ್ಟ ಕಯಾಕ್ ಇದೆ. ಒಬ್ಬರೇ ಕೂರುವ, ಎರಡೂ ತುದಿಗೆ ಅಲಗಿರುವ ಒಂದೇ ಹುಟ್ಟಿನಿಂದ ನಡೆಸುವ ಹಳದಿ ಪ್ಲಾಸ್ಟಿಕ್ ದೋಣಿ. ಸೂರತ್ತಿನಲ್ಲಿ ತಾಪಿ ನದಿಗೆ ಒಡ್ಡು ಕಟ್ಟಿರುವಲ್ಲಿಂದ ಮೇಲಕ್ಕೆ ನೀರು ಹೆಚ್ಚುಕಡಿಮೆ ನಿಂತಂತೆಯೇ ಇರುತ್ತದೆ. ಅಲ್ಲಿಯ ಒಂದು ಶೆಡ್ಡಿನಲ್ಲಿ ನಾವು ಕೆಲವರು ದೋಣಿಗಳನ್ನು ಇಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಹಜೀರಾದ ಕಂಪನಿ ಕಾಲೊನಿಯಿಂದ ಗಂಡ ಕಾರಿನಲ್ಲಿ ಕರೆತಂದು ಬಿಡುತ್ತಿದ್ದರು. ಅವರಿಗೆ ನೀರೆಂದರೆ ಆಗದು. ನಾನು ಮರಳುವವರೆಗೆ ದಡದಲ್ಲಿ ಚಹಾ ಕುಡಿಯುತ್ತ ಕೂತಿರುತ್ತಿದ್ದರು. ಮದುವೆಯಾಗಿ ಗುಜರಾತಿಗೆ ಬಂದ ಮೇಲೆ ವಡೋದರಾದಲ್ಲಿ ಎಂ.ಎ. ಓದಿದೆ, ಮಗಳನ್ನು ಬೆಳೆಸಿದೆ, ಕಾಲೊನಿಯ ಶಾಲೆಯಲ್ಲಿ ಪಾಠ ಮಾಡಿದೆ. ಎಲ್ಲದರಲ್ಲೂ ಯಾರಾದರೊಬ್ಬರು ಜೊತೆಗಿದ್ದರು. ನಾನು ಒಬ್ಬಳೇ ಮಾಡುತ್ತಿದ್ದುದು ಇದೊಂದೇ.

ಒಮ್ಮೆ ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ಕುಸಿದಿದ್ದೆ. ವಡೋದರಾದ ಡಾಕ್ಟರು ಸ್ಕ್ಯಾನ್ ನೋಡಿ, ಏನೂ ಕಾಣಿಸುತ್ತಿಲ್ಲ, ಆಯಾಸವಿರಬೇಕು ಅಂದರು. ಮೈಸೂರಿನಲ್ಲಿ ಡಾಕ್ಟರಾಗಿರುವ ನನ್ನ ತಮ್ಮನೂ ರಿಪೋರ್ಟು ತರಿಸಿಕೊಂಡು ಹೌದೆಂದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಯಾಕ್ ಕೊಂಡದ್ದು ಅದಾದ ಮೇಲೆಯೇ.

ಕ್ಯಾಮೆರಾದ ಮಾತು ಮೊದಲು ಎತ್ತಿದ್ದು ಗಂಡ. ಅವರಿಗೆ ಅಹಮದಾಬಾದಿನಲ್ಲಿ ಆಫೀಸಿನ ಕೆಲಸವಿತ್ತು, ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರ್ನಾಲ್ಕು ಪುಟ್ಟ ಕ್ಯಾಮೆರಾಗಳನ್ನಿಟ್ಟ. ಒಂದನ್ನು ಎತ್ತಿ ನೆಲಕ್ಕೆ ಬಡಿದ, ಇನ್ನೊಂದನ್ನು ನೀರಿನ ಜಗ್ಗಿನಲ್ಲಿ ಮುಳುಗಿಸಿದ. "ನೋಡಿ ಬೆಹನ್, ನಿಮ್ಮ ಸಾಹೇಬರನ್ನು ನದಿಗೆ ಎಸೆದರೆ ಏನಾಗುತ್ತೋ ಗೊತ್ತಿಲ್ಲ, ಇದನ್ನು ಎಸೆದರೆ ಏನೂ ಆಗಲ್ಲ" ಎಂದ. ನಾನು ನಕ್ಕೆ. ನನಗೆ ಬೇಕಾಗಿದ್ದದ್ದು ಹಗುರವಾದದ್ದು, ಹನಿ ಬಿದ್ದರೂ ಗಾಜಿನ ಮೇಲೆ ನಿಲ್ಲದಂಥದ್ದು. ಗಂಡನ ಪ್ರಶ್ನೆಗಳೇ ಬೇರೆ. ಮಧ್ಯೆ ತುಂಡಾಗದೆ ಎಷ್ಟು ಹೊತ್ತು ಓಡುತ್ತದೆ? ಬಿಸಿಲು ಹಿಂದಿನಿಂದ ಬಂದರೆ ಮುಖ ಕಪ್ಪಾಗುತ್ತದೆಯೇ?

"ಸಾಹೇಬ್, ಅಷ್ಟುದ್ದದ ವಿಡಿಯೊ ಯಾರು ಕೂತು ನೋಡ್ತಾರೆ? ಎಲ್ಲರೂ ಕತ್ತರಿಸಿ ಹಾಡು ಸೇರಿಸಿಕೊಳ್ತಾರೆ" ಎಂದ ಅಂಗಡಿಯವನು.

"ನಾನು ನೋಡ್ತೀನಿ" ಅಂದರು ಇವರು.

ಕೂರಿಸುವುದೇ ದೊಡ್ಡ ಕೆಲಸವಾಯಿತು. ಜೊತೆಗೆ ಬಂದ ಅಂಟುಪಟ್ಟಿಯನ್ನು ಸುಮ್ಮನೆ ಒತ್ತಿದರೆ ಆ ಜಾತಿಯ ಪ್ಲಾಸ್ಟಿಕ್ಕಿಗೆ ಅದು ಹಿಡಿಯಲೇ ಇಲ್ಲ. ಸ್ಪಿರಿಟ್ಟಿನಿಂದ ಒರೆಸಿ, ನನ್ನ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಒತ್ತಿ, ಒಂದು ದಿನ ಬಿಟ್ಟೆವು. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಅಂಚು ಎದ್ದು ಬಂತು. ದಾರ ಕಟ್ಟಿದ್ದರಿಂದ ಕ್ಯಾಮೆರಾ ಉಳಿಯಿತು. ಕೊನೆಗೆ ಗಂಡ, ಡ್ರಿಲ್ ತಂದು ತೂತು ಕೊರೆದು ಬೋಲ್ಟ್ ಹಾಕುತ್ತೇನೆ ಅಂದರು. ನನ್ನ ದೋಣಿಗೆ ತೂತೇ ಎಂದು ನಾನು ಜಗಳವಾಡಿದೆ.

"ಮೇಲ್ಗಡೆ ಕಣೇ, ನೀರು ಮುಟ್ಟೋದೇ ಇಲ್ಲ. ರಬ್ಬರ್ ವಾಷರ್ ಹಾಕ್ತೀನಿ. ಪ್ಲಾಂಟಿನಲ್ಲಿ ಇಡೀ ದಿನ ಇನ್ನೇನು ಮಾಡ್ತೀನಿ ನಾನು? ಸೋರದ ಹಾಗೆ ನೋಡ್ಕೊಳ್ಳೋದೇ ನನ್ನ ಉದ್ಯೋಗ."

ಬೋಲ್ಟ್ ಬಿಗಿಯಿತು. ಮುಂತುದಿಯಲ್ಲಿ ಗೇಣುದ್ದದ ಕಡ್ಡಿ, ಅದರ ಮೇಲೆ ಕ್ಯಾಮೆರಾ. ಅದು ನನ್ನ ಕಡೆಗೆ ತಿರುಗಿತ್ತು.

"ಇದೇನು, ನದಿ ಕಡೆ ತಿರುಗಿಸಿ."

"ನದಿ ಯಾರಿಗೆ ಬೇಕು? ನೀನು ಒಳಗೆ ಹೋದಾಗ ನಾನು ದಡದಲ್ಲಿ ಕೂತು ಏನು ನೋಡ್ಲಿ? ಮನೆಗೆ ಬಂದು ನಿನ್ನ ಮುಖ ನೋಡ್ತೀನಿ."

ಅವತ್ತು ಸಂಜೆ ಇದನ್ನು ಹಾಗೆಯೇ ಡೈರಿಯಲ್ಲಿ ಬರೆದುಕೊಂಡೆ. ಮುಂದಿನ ಭಾನುವಾರ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ದೋಣಿ ಹತ್ತಿದೆ. ಈ ವಯಸ್ಸಿನಲ್ಲಿ, ಲೈಫ್ ಜಾಕೆಟ್ ತೊಟ್ಟು. ಬರೆಯುತ್ತಿರುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಚಳಿಗಾಲ ಪೂರ್ತಿ ಹಾಗೆ ನಡೆಯಿತು. ಒಂದು ಮಧ್ಯಾಹ್ನ ತಮ್ಮ ಫೋನ್ ಮಾಡಿದ. ಮಕ್ಕಳ ಪರೀಕ್ಷೆ, ಮೈಸೂರಿನ ಬಿಸಿಲು ಎಲ್ಲ ಮುಗಿದ ಮೇಲೆ ಕೇಳಿದ:

"ಅಕ್ಕ, ಆ ಬಲಗೈ ಆಮೇಲೆ ಜೋಮು ಹಿಡಿಯುತ್ತಾ?"

"ಯಾವ ಬಲಗೈ?"

"ಅದೇ, ಸೇತುವೆ ಕೆಳಗೆ ಹುಟ್ಟು ಜಾರಿ ತೊಡೆ ಮೇಲೆ ಬಿತ್ತಲ್ಲ. ಬಾಯಿ ಬೇರೆ ಏನೋ ಜಗಿಯೋ ಥರ..." ಅಲ್ಲಿಗೆ ನಿಲ್ಲಿಸಿದ. "ಭಾವ ಹೇಳಿಲ್ವಾ?"

ನಾನು ಫೋನ್ ಇಟ್ಟೆ. ಅವನು ಮತ್ತೆ ಮತ್ತೆ ಮಾಡಿದ. ಎತ್ತಲಿಲ್ಲ.

ಸಂಜೆ ಗಂಡ ಬಂದಾಗ, ಸೇತುವೆಯ ಕೆಳಗಿನದನ್ನು ತೋರಿಸಿ ಅಂದೆ. ಅವರು ಬೂಟು ಬಿಚ್ಚುತ್ತಿದ್ದವರು ಹಾಗೆಯೇ ಕೂತರು. ಆಮೇಲೆ ಟ್ಯಾಬ್ ತಂದು ನನ್ನ ಮುಂದಿಟ್ಟರು. ಹುಡುಕಬೇಕಾಗಿಯೇ ಇರಲಿಲ್ಲ, ಬೇರೆ ಮಾಡಿ ಇಟ್ಟಿದ್ದರು.

ಅದರಲ್ಲಿ ನಾನಿದ್ದೆ. ಕಾಡಿಗೆಯ ಕಣ್ಣು, ಬೆವರಿದ ಹಣೆ. ಸೇತುವೆಯ ನೆರಳು ಮುಖದ ಮೇಲೆ ಬಿತ್ತು. ಆಮೇಲೆ ಆ ಮುಖದಲ್ಲಿ ನಾನಿರಲಿಲ್ಲ. ಕಣ್ಣು ತೆರೆದೇ ಇತ್ತು. ತುಟಿಗಳು ಎಲೆಯಡಿಕೆ ಹಾಕಿಕೊಂಡವರಂತೆ ಆಡಿದವು. ಕೈ ಸಡಿಲವಾಗಿ ಹುಟ್ಟು ಜಾರಿತು. ದೋಣಿ ನಿಧಾನವಾಗಿ ತಿರುಗುತ್ತ ನೀರಿನ ಮೇಲೆ ಹಬ್ಬಿದ ಅಂತರಗಂಗೆ ಕಳೆಯ ಹಸಿರಿನೊಳಗೆ ಹೋಯಿತು. ಆಮೇಲೆ ಆ ಹೆಂಗಸು ಹುಟ್ಟನ್ನು ಎತ್ತಿಕೊಂಡು, ಏನೂ ಆಗದವಳಂತೆ ಮುಂದೆ ಹೋದಳು.

ಆ ಭಾನುವಾರದ ಬಗ್ಗೆ ನಾನು ಬರೆದದ್ದು ಹೀಗೆ: ಸೇತುವೆ ದಾಟಿದೆ, ಮಿಂಚುಳ್ಳಿ ಕಂಡಿತು, ನೀರು ಕನ್ನಡಿಯಂತಿತ್ತು. ನಡುವೆ ತುಂಡಾದ ಗುರುತೇ ಇಲ್ಲ. ಹರಿದ ಬಟ್ಟೆಯ ಎರಡಂಚನ್ನು ಸೇರಿಸಿ, ಹೊಲಿಗೆ ಕಾಣದಂತೆ ಹೊಲಿದವಳು ನಾನೇ.

"ಇಂಥವು ಎಷ್ಟಿವೆ?"

"ಇನ್ನೂ ಒಂದೆರಡು. ಮನೇಲೂ ಆಗಿದೆ. ಸಾರು ಬಡಿಸ್ತಾ ಸೌಟು ಹಿಡ್ಕೊಂಡೇ ನಿಂತುಬಿಡ್ತಿದ್ದೆ."

"ನನಗೆ ಹೇಳದೆ ತಮ್ಮನಿಗೆ ಕಳಿಸಿದ್ರಿ."

"ಹೇಳದೆ ಏನು?" ಅಂದರು. "ಹೇಳಿದ್ದೆ. ಕ್ಯಾಮೆರಾ ತಂದ ವಾರವೇ. ಬಾಲ್ಕನಿಯಲ್ಲಿ ಬಟ್ಟೆ ಮಡಿಸ್ತಾ ಇದ್ದೆ ನೀನು. ನನಗೆ ಅನುಮಾನ ಇದೆ, ವಿಡಿಯೊ ತೆಗೆದು ಅವನಿಗೆ ತೋರಿಸ್ತೀನಿ ಅಂದೆ."

ಸೇತುವೆಯೇ ನೆನಪಿಲ್ಲದವಳಿಗೆ ಬಾಲ್ಕನಿ ನೆನಪಿಲ್ಲ ಎಂದು ಹೇಳುವ ಹಕ್ಕೆಲ್ಲಿದೆ? ಮುಂದಿನ ಒಂದು ವಾರ ನಾನು ಅವರನ್ನು ನಂಬಿದೆ. ನಂಬುವುದಷ್ಟೇ ಅಲ್ಲ, ಕಾಣತೊಡಗಿದೆ: ಒಣಗಿದ ದುಪ್ಪಟ್ಟಾ, ಪಕ್ಕದ ಮನೆಯ ಕುಕ್ಕರ್ ಸದ್ದು, ಬಾಗಿಲ ಚೌಕಟ್ಟಿಗೆ ಒರಗಿದ ಅವರು. ಅವರು ಕೊಟ್ಟ ಮೂರು ಮಾತಿಗೆ ನನ್ನ ತಲೆಯೇ ಬಣ್ಣ ತುಂಬಿಕೊಟ್ಟಿತು. ಡೈರಿಯಲ್ಲಿ ಅಂಥ ಸಂಜೆ ಯಾವುದೂ ಇರಲಿಲ್ಲ. ಇಲ್ಲದಿರುವುದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೇ ಗೊತ್ತಿತ್ತು.

ಒಂದು ಬೆಳಿಗ್ಗೆ ದೋಸೆ ಹಾಕುತ್ತ ಸುಮ್ಮನೆ ಕೇಳಿದೆ.

"ಬಾಲ್ಕನಿಯಲ್ಲಿ ನೀವು ಹೇಳಿದಾಗ ನಾನೇನಂದೆ?"

"ಏನಂದೆ ಅಂದ್ರೆ... ಸರಿ ಅಂದೆ."

"ಬರೀ ಸರಿ?"

"ಹೂಂ. ಸರಿ ಅಂದು ಒಳಗೆ ಹೋದೆ."

"ರೀ, ಕಿಟಕಿ ಪರದೆ ಬಣ್ಣಕ್ಕೂ ನಾನು ಬರೀ ಸರಿ ಅಂದವಳಲ್ಲ. ದೋಣಿಗೆ ಎರಡು ತೂತು ಕೊರೆಯೋಕೆ ಎಷ್ಟು ಜಗಳ ಆಡಿದ್ದೆ? ನಿನಗೆ ತಲೆ ಕೆಟ್ಟಿದೆ ಅಂತ ಅನುಮಾನ, ನಿನ್ನ ಮುಖ ತೆಗೆದು ಮೈಸೂರಿಗೆ ಕಳಿಸ್ತೀನಿ ಅಂದ್ರೆ ಸರಿ ಅಂತ ಒಳಗೆ ಹೋದ್ನಾ?"

ಅವರು ನಗಲು ಹೋದರು. ನಗು ಅರ್ಧದಲ್ಲೇ ನಿಂತಿತು.

"ಹೇಳ್ಬೇಕು ಅಂತ ಇದ್ದೆ" ಅಂದರು. "ಹೇಳಿದ್ರೆ ನೀನು ದೋಣಿ ಹತ್ತೋದು ಬಿಡ್ತಿರ್ಲಿಲ್ಲ, ಕ್ಯಾಮೆರಾ ಬಿಚ್ಚಿಸ್ತಿದ್ದೆ."

ಇರಬಹುದು. ನಾನು ಹಾಗೆಯೇ ಮಾಡುತ್ತಿದ್ದೆನೇನೋ. ಮುಂದೆಂದೋ ನೀರಿನಲ್ಲಿ ಮಗುಚಿಕೊಳ್ಳುತ್ತಿದ್ದೆ ಎನ್ನುವುದೂ ನಿಜವಿರಬಹುದು. ದಡದಲ್ಲಿ ಕೂತು ಚಹಾ ಕುಡಿಯುತ್ತಿದ್ದವರು ಎಷ್ಟು ಹೆದರಿಕೊಂಡಿದ್ದರು ಎಂದು ಈಗ ತಿಳಿಯುತ್ತದೆ. ಕದ್ದು ಚಿತ್ರ ತೆಗೆದದ್ದನ್ನು ಎಂದಾದರೂ ಕ್ಷಮಿಸಿಯೇನು. ಗಂಡ ಮತ್ತು ತಮ್ಮ ಸೇರಿ, ಅವಳು ಗಾಬರಿಯಾಗುತ್ತಾಳೆ ಎಂದು ನನ್ನ ಕಾಯಿಲೆಯನ್ನು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ನನ್ನ ಅಮ್ಮನ ಆಪರೇಷನ್ ಬಗ್ಗೆ ಅಮ್ಮನಿಗೇ ಕೊನೆಗೆ ತಿಳಿಸಿದ್ದೆವು. ಆದರೆ ಬಾಲ್ಕನಿ? ನನ್ನ ನೆನಪಿಗೆ ಕತ್ತಲೆ ಕವಿಯುವ ಜಾಗ ಎಲ್ಲಿದೆ ಎಂದು ಕಣ್ಣಾರೆ ಕಂಡವರು ಅವರು. ಸಿಕ್ಕಿಬಿದ್ದಾಗ ತಮ್ಮ ಸುಳ್ಳನ್ನು ಅಲ್ಲಿಯೇ ಬಚ್ಚಿಟ್ಟರು.

ಸೂರತ್ತಿನ ನರರೋಗದ ಡಾಕ್ಟರ ಹತ್ತಿರ ನಾನೊಬ್ಬಳೇ ಹೋದೆ. ವಿಡಿಯೊವನ್ನು ನಾನೇ ತೋರಿಸಿದೆ. ಇದೂ ಮೂರ್ಛೆರೋಗದ ಒಂದು ಬಗೆ ಎಂದು ಹೇಳಿ ಮಾತ್ರೆ ಕೊಟ್ಟರು. ತಾವು ಹೇಳುವವರೆಗೆ ಒಬ್ಬಳೇ ನೀರಿಗಿಳಿಯಬಾರದು ಅಂದರು. ಯಾಕೆ, ಹೇಗೆ ಎಂದು ಕೇಳಬಹುದಾದ ಎಲ್ಲವನ್ನೂ ಕೇಳಿ, ಆಮೇಲೆ ಒಪ್ಪಿದೆ. ಶೆಡ್ಡಿನವರಿಗೂ ನಾನೇ ಫೋನ್ ಮಾಡಿ ತಿಳಿಸಿದೆ.

ಮೊನ್ನೆ ಬೆಳಿಗ್ಗೆ ತಿಂಡಿ ತಿನ್ನುತ್ತ ಗಂಡ, "ಇವತ್ತು ಪ್ಲಂಬರ್ ಬರ್ತಾನೆ, ನಿನ್ನೆ ಹೇಳಿದ್ದೆನಲ್ಲ" ಅಂದರು.

ಬಹುಶಃ ಹೇಳಿದ್ದರು. ಪ್ಲಂಬರ್ ವಿಷಯಕ್ಕೆ ಯಾರು ಸುಳ್ಳು ಹೇಳುತ್ತಾರೆ? ನಾನು ಕಾಫಿ ಲೋಟ ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ಗಾಬರಿಯಿಂದ ತಟ್ಟೆ ಬಿಟ್ಟೆದ್ದು ಬಂದು ನನ್ನ ಭುಜ ಹಿಡಿದರು, ಹೆಸರು ಹಿಡಿದು ಕರೆದರು.

"ಇಲ್ಲೇ ಇದ್ದೀನಿ" ಅಂದೆ. "ನೋಡ್ತಿದ್ದೆ, ಅಷ್ಟೇ."