ಇಪ್ಪತ್ತೆರಡು ನಿಮಿಷ ಬಾಗಿಲು ಕಾಯುವ ಸುಗಂಧಿ

ಬೆಳಗ್ಗೆ ಆರೂ ಕಾಲು. ಕಾಪು ತಾಲ್ಲೂಕಿನ ಶಂಕರಪುರದ ಒಂದು ಅಂಗಳದಲ್ಲಿ ಸುಗಂಧಿ ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದಾರೆ. ಗಿಡ ಅವರದಲ್ಲ, ಮನೆಯೂ ಅವರದಲ್ಲ. ಒಳಗಿನ ಕೋಣೆಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಹೆಡ್‌ಫೋನ್ ಹಾಕಿಕೊಂಡು, ಟ್ಯಾಬ್ ಕೇಳುವ ಪ್ರಶ್ನೆಗಳಿಗೆ ಬೆರಳೊತ್ತಿ ಉತ್ತರ ಕೊಡುತ್ತಿದ್ದಾಳೆ. ಮುಗಿಯುವ ತನಕ ಆ ಕೋಣೆಗೆ ಯಾರೂ ಹೋಗಬಾರದು. ಅದನ್ನು ನೋಡಿಕೊಳ್ಳುವುದೇ ಸುಗಂಧಿಯ ಕೆಲಸ.

ಹುಡುಗಿಯ ಅಪ್ಪ ಲುಂಗಿ ಎತ್ತಿ ಕಟ್ಟಿ ಬಾಗಿಲ ಕಡೆ ಹೊರಡುತ್ತಾರೆ. "ಮೊಬೈಲ್ ಒಳಗೆ ಉಂಟು, ತರ್ತೇನೆ."

"ಅಣ್ಣ, ಇನ್ನು ಒಂಬತ್ತು ನಿಮಿಷ. ಅಷ್ಟರಲ್ಲಿ ಅದು ಓಡಿಹೋಗುವುದಿಲ್ಲ."

"ನನ್ನ ಮನೆಗೆ ಹೋಗ್ಲಿಕ್ಕೆ ನಿಮ್ಮ ಪರ್ಮಿಶನ್ ಬೇಕಾ ಮಾರಾಯ್ರೆ?"

"ಇವತ್ತು ಬೇಕು," ಅನ್ನುತ್ತಾರೆ ಹೆಂಡತಿ, ಗಿಡದಿಂದ ತಲೆ ಎತ್ತದೆ. "ಬನ್ನಿ, ಆ ಸಾಲು ಕೊಯ್ಯಿರಿ."

ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯ ಎಷ್ಟು ವ್ಯಾಪಕ, ಅದು ಮಕ್ಕಳನ್ನು ಏನು ಮಾಡುತ್ತದೆ ಎಂದು ತಿಳಿಯಲು ಮಣಿಪಾಲದಲ್ಲಿ ಕಚೇರಿ ಇರುವ ತಂಡವೊಂದು ಸಮೀಕ್ಷೆ ನಡೆಸುತ್ತಿದೆ. ಯಾರಾದರೂ ಬೇಡದ ಹಾಗೆ ಮುಟ್ಟಿದ್ದಾರೆಯೇ, ಆಮೇಲೆ ನಿದ್ದೆ ಬರುತ್ತದೆಯೇ, ಶಾಲೆಗೆ ಹೋಗಲು ಮನಸ್ಸಾಗುತ್ತದೆಯೇ ಎಂಬಂಥ ಪ್ರಶ್ನೆಗಳು. ಪೂರ್ತಿ ಮುಗಿಸಲು ಇಪ್ಪತ್ತೆರಡು ನಿಮಿಷ ಬೇಕು. ಉತ್ತರ ಒತ್ತಿದ ಕೂಡಲೇ ಟ್ಯಾಬ್ ಅದನ್ನು ಮುಚ್ಚಿಬಿಡುತ್ತದೆ, ಸುಗಂಧಿಗೂ ಕಾಣುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ಸುಗಂಧಿ ಮುನ್ನೂರ ಹದಿನೆಂಟು ಮನೆ ಮುಗಿಸಿದ್ದಾರೆ. ಎಷ್ಟು ಮಕ್ಕಳು ಹೌದು ಎಂದಿದ್ದಾರೆ?

"ನನಗೆ ಗೊತ್ತಿಲ್ಲ. ಗೊತ್ತಾಗಲಿಕ್ಕೂ ಬಾರದು."

ನಲವತ್ತನಾಲ್ಕರ ಸುಗಂಧಿ ಕೆಮ್ಮಣ್ಣಿನವರು. ಗಂಡ ಹೂವಪ್ಪ ಮಲ್ಪೆಯಲ್ಲಿ ಮೀನು ಹಿಡಿಯುವ ಬೋಟಿಗೆ ಹೋಗುತ್ತಾರೆ. ಪಿಯುಸಿಗೆ ಓದು ನಿಂತ ಮೇಲೆ ಸುಗಂಧಿ ಬೀಡಿ ಕಟ್ಟಿದರು, ಆಮೇಲೆ ಸಕ್ಕರೆ ಕಾಯಿಲೆಯ ಸಮೀಕ್ಷೆಗೆ ಸೇರಿದರು. "ಆಗ ಎಲ್ಲ ಮನೆಯಲ್ಲೂ ಚಾ ಸಿಗುತ್ತಿತ್ತು, ಸಕ್ಕರೆ ಹಾಕಿಯೇ," ಎಂದು ನಗುತ್ತಾರೆ. ಈಗಿನ ಸಮೀಕ್ಷೆಗೆ ನಲವತ್ತೊಂದು ಮನೆಯವರು ಗೇಟು ತೆರೆದಿಲ್ಲ. ಗಂಡುಮಕ್ಕಳ ತಾಯಂದಿರು, "ಹುಡುಗನಿಗೆ ಎಂತ ಆಗ್ಲಿಕ್ಕುಂಟು?" ಎಂದು ಕೇಳುತ್ತಾರೆ. ಹುಡುಗರ ಕೈಗೂ ಅದೇ ಟ್ಯಾಬ್ ಹೋಗುತ್ತದೆ.

ಮಲ್ಲಿಗೆ ಬೆಳೆಯುವವರ ಮನೆಗೆ ನಸುಕಿನಲ್ಲಿ, ಮನೆಮಂದಿ ಗಿಡದ ಬಳಿ ಇರುವಾಗ. ಕಡಲ ಬದಿಯ ಮನೆಗಳಿಗೆ ಹೆಂಗಸರು ಹಿತ್ತಿಲಲ್ಲಿ ಮೀನು ಶುಚಿ ಮಾಡುವ ಹೊತ್ತಿಗೆ. ದೊಡ್ಡವರ ಕೈಗೆ ಕೆಲಸವಿರುವ ಹೊತ್ತನ್ನು ಸುಗಂಧಿ ಹುಡುಕಿಟ್ಟಿದ್ದಾರೆ. ಈ ಬುದ್ಧಿಯನ್ನು ತರಬೇತಿ ಕಲಿಸಲಿಲ್ಲ, ತಪ್ಪೊಂದು ಕಲಿಸಿತು.

ಶುರುವಿನ ದಿನಗಳಲ್ಲಿ, ಕಾರ್ಕಳ ಕಡೆಯ ಒಂದು ಮನೆ. ಹೆಸರು, ಊರು ಬರೆಯುವಂತಿಲ್ಲ. ಹುಡುಗಿ ಟ್ಯಾಬ್ ಹಿಡಿದ ಕೂಡಲೇ ಅಜ್ಜಿ ಬಂದು ಪಕ್ಕದಲ್ಲೇ ಕುಳಿತರು. "ವಯಸ್ಸಾದವರನ್ನು ಏಳಿ ಅನ್ನುವುದು ಹೇಗೆ? ನಮಗೆ ಬಾಯಿ ಬರುವುದಿಲ್ಲ ಅಲ್ವಾ." ಹುಡುಗಿ ಐದೇ ನಿಮಿಷದಲ್ಲಿ ಮುಗಿಸಿದಳು. "ಮಗು ಒಬ್ಬಳೇ ಇದ್ದಳು" ಎಂಬ ಕಡೆ ಸುಗಂಧಿ ಸರಿ ಗುರುತು ಹಾಕಿ ಹೊರಟರು. ಬಸ್ಸಿನಲ್ಲಿ ನೆನಪಾಯಿತು: ಪ್ರತಿ ಸಲ ಒತ್ತುವ ಮುಂಚೆ ಹುಡುಗಿ ಅಜ್ಜಿಯ ಮುಖ ನೋಡುತ್ತಿದ್ದಳು.

ಮರುದಿನ ಮಣಿಪಾಲದಲ್ಲಿ ಮೇಲ್ವಿಚಾರಕಿ ಲೊರ್ನಾ ಅವರ ಮುಂದೆ ನಿಂತರು. "ಮೇಡಂ, ನಾನು ಸುಳ್ಳು ಗುರುತು ಹಾಕಿದ್ದೇನೆ."

"ಕೆಲಸ ಹೋಗಬಹುದು, ಗೊತ್ತುಂಟಲ್ಲ?"

"ಹೋಗಲಿ. ಆ ಮನೆಗೆ ಇನ್ನೊಮ್ಮೆ ಹೋಗುವ."

ಲೊರ್ನಾ ಆ ದಾಖಲೆಯನ್ನು ರದ್ದು ಮಾಡಿದರು. ತಾಯಿಯ ಒಪ್ಪಿಗೆಯನ್ನು ಮತ್ತೆ ಕೇಳಿ, ಇಬ್ಬರೂ ಹೋದರು. ಸುಗಂಧಿ ಅಜ್ಜಿಯನ್ನು ಹಿತ್ತಿಲಿಗೆ ಕರೆದೊಯ್ದು ಬಂಗುಡೆ ಮೀನು ಕೊಯ್ಯಲು ಕುಳಿತರು. "ಬೇಕೆಂದೇ ಕೆಟ್ಟದಾಗಿ ಕೊಯ್ದೆ. ಮೀನಿನವರ ಮನೆಯವಳಾಗಿ ಇಷ್ಟೂ ಬರುವುದಿಲ್ವಾ ಅಂತ ಅಜ್ಜಿ ಬೈದದ್ದೇ ಬೈದದ್ದು. ಒಳಗಿನ ನೆನಪೇ ಬರಲಿಲ್ಲ ಅವರಿಗೆ." ಈ ಸಲ ಹುಡುಗಿಗೆ ಮೂವತ್ತೈದು ನಿಮಿಷ ಬೇಕಾಯಿತು. ಹೆಡ್‌ಫೋನ್ ಕಳಚಿ, ಬಾಗಿಲ ಹೊರಗಿದ್ದ ಲೊರ್ನಾ ಅವರಿಗೆ ಹೇಳಿದಳು: "ನನಗೆ ಮಾತಾಡ್ಲಿಕ್ಕುಂಟು."

ಯಾರಾದರೂ ತೊಂದರೆ ಕೊಡುತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿದರೆ ಆ ಮಾತನ್ನು ಗುಟ್ಟಾಗಿ ಇಡುವುದಿಲ್ಲ, ನೆರವಾಗುವವರಿಗೆ ಹೇಳಲೇಬೇಕು ಎಂದು ಮಕ್ಕಳಿಗೆ ಮೊದಲೇ ತಿಳಿಸಿರುತ್ತಾರೆ. ಹಾಗಾಗಿ ಅಂದೇ ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಹೋಯಿತು. ಆರೋಪಿ ಮನೆಯವರೆಲ್ಲ ನಂಬಿದ್ದ ವ್ಯಕ್ತಿ. ತಾಯಿ ಮಗಳನ್ನು ನಂಬುತ್ತಾರೋ ಇಲ್ಲವೋ ಎಂಬುದೊಂದೇ ಸುಗಂಧಿಯ ಹೆದರಿಕೆ. ತಾಯಿ ನಂಬಿದರು. ಮೂರನೇ ದಿನ, ಮೊಮ್ಮಗಳು ಹೇಳಿಕೆ ಕೊಡಲು ಹೊರಟಾಗ, ಚಪ್ಪಲಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ರಿಕ್ಷಾದಲ್ಲಿ ಕುಳಿತವರು ಅಜ್ಜಿಯೇ. ಪ್ರಕರಣ ನ್ಯಾಯಾಲಯದಲ್ಲಿದೆ. ಆ ವ್ಯಕ್ತಿ ಮತ್ತೆ ಆ ಹೊಸ್ತಿಲು ತುಳಿದಿಲ್ಲ. ಸುಗಂಧಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಕೆಲಸ ಉಳಿಯಿತು.

ಶಂಕರಪುರದ ಅಂಗಳಕ್ಕೆ ಹುಡುಗಿ ಬರುತ್ತಾಳೆ. ಸುಗಂಧಿ ಅವಳ ಮುಖ ಓದಲು ಹೋಗುವುದಿಲ್ಲ. ಟ್ಯಾಬ್ ತೆಗೆದುಕೊಂಡು, ಎಲ್ಲ ಮಕ್ಕಳಿಗೂ ಕೊಡುವ, ಮಕ್ಕಳ ಸಹಾಯವಾಣಿ 1098ರ ಚೀಟಿ ಕೊಟ್ಟು, ಅಪ್ಪನ ಕಡೆ ತಿರುಗುತ್ತಾರೆ: "ಈಗ ಹೋಗಿ ಅಣ್ಣ, ಮೊಬೈಲ್ ಅಲ್ಲೇ ಉಂಟು."

ಗೇಟು ದಾಟಿದ ಮೇಲೆ ಸುಗಂಧಿ ಕಳೆದ ತಿಂಗಳ ಮಾತೊಂದನ್ನು ಹೇಳುತ್ತಾರೆ. ಉಡುಪಿ ಬಸ್ ನಿಲ್ದಾಣದಲ್ಲಿ ಕಾರ್ಕಳ ಕಡೆಯ ಆ ಹುಡುಗಿ ಸಿಕ್ಕಿದ್ದಳು. ಗೆಳತಿಯರ ಜೊತೆ ಚುರುಮುರಿ ತಿನ್ನುತ್ತಾ, ಬಾಯ್ತುಂಬ ನಗುತ್ತಾ. ನೇರ ಇವರ ಹತ್ತಿರವೇ ಬಂದು, "ಅಕ್ಕ, ಐದೂ ಕಾಲರ ಬಸ್ ಹೋಯ್ತಾ?" ಎಂದು ಕೇಳಿದಳು.

"ಇಲ್ಲ, ಬರಲಿಕ್ಕುಂಟು ಅಂದೆ. ನನ್ನ ಗುರುತೇ ಸಿಗಲಿಲ್ಲ ಅವಳಿಗೆ." ಸುಗಂಧಿ ಬ್ಯಾಗನ್ನು ಹೆಗಲಿಗೇರಿಸುತ್ತಾರೆ. "ಬಸ್ಸಿನ ಟೈಮ್ ಹೇಳಿದ ಯಾರೋ ಒಬ್ಬಳು ಅಕ್ಕ. ನಾನು ಅವಳಿಗೆ ಅಷ್ಟೇ ಆಗಿರಬೇಕು."