ನಿಂಬೆವ್ವಳ ಎಂಟನೆಯ ಗಡಿಗೆ

ಕರಜಗಿಯ ಬಸಲಿಂಗಪ್ಪ, ಭೀಮಾ ನದಿ ಉಕ್ಕಿ ಬಂದ ವರ್ಷ, ಬೀಜದ ಜೋಳದ ಚೀಲವನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ನಡೆದು ಬಂದವನು. ಅವನ ಹೆಂಡತಿ ಬಂಡೆವ್ವ ದೊಡ್ಡ ಬರದಲ್ಲಿ ಹದಿನೇಳು ಹೊಟ್ಟೆಗಳನ್ನು ಒಂದೇ ಸೇರಿನಿಂದ ಅಳೆದಳೆದು ಸಾಕಿದಳು. ಒಬ್ಬರನ್ನೂ ಪರರ ಬಾಗಿಲಿಗೆ ಕಳಿಸಲಿಲ್ಲ. ಅವರ ಮಗ ಭೀಮಶಾ, ತೂಕದಲ್ಲಿ ಮೋಸ ಮಾಡಿದ ಊರ ಅಂಗಡಿಯವನ ಮೇಲಿನ ಸಿಟ್ಟಿಗೆ, ಹನ್ನೊಂದು ವರ್ಷ ಮನೆಯ ಉಪ್ಪನ್ನು ಅಫಜಲಪುರದಿಂದ ಹೊತ್ತು ತಂದ. ಆ ಭೀಮಶಾನ ಮಗಳೇ ನಿಂಬೆವ್ವ. ತವರಿನಿಂದ ಆಕೆಗೆ ಬಂದದ್ದು ಅಜ್ಜಿಯ ಸೇರು, ಅಪ್ಪನ ಸಿಟ್ಟು.

ಆಕೆಯನ್ನು ಮಾದನಹಿಪ್ಪರಗಾದ ಶಿವರಾಯನಿಗೆ ಕೊಟ್ಟಿದ್ದರು. ನಲವತ್ತೇಳರ ಯುಗಾದಿಗೆ ಮುಂಚೆ ಶಿವರಾಯ ಜ್ವರ ಬಂದು ತೀರಿಕೊಂಡ. ತಿಂಗಳು ತುಂಬುವ ಮೊದಲೇ ಅವನ ಅಣ್ಣ ದೌಲತರಾಯ ಮನೆ ಪಾಲು ಮಾಡಿದ. ನಿಂಬೆವ್ವಳಿಗೂ ಆರು ವರ್ಷದ ಮಗಳು ರೇವಮ್ಮಳಿಗೂ ಬಂದದ್ದು ನಾಲ್ಕು ಕೂರಿಗೆ ಹೊಲ, ಎರಡು ಚೀಲ ಜೋಳ.

"ಮುಂದಿನ ರಾಶಿ ತನಕ ಎರಡು ಚೀಲ ಇಕಿ ಕೈಯಾಗ ಎಲ್ಲಿ ಉಳೀತಾವ್ರಿ?" ಎಂದ ದೌಲತರಾಯ ಹಿರಿಯರ ಮುಂದೆ. "ದೀಪಾವಳಿ ಮುಟ್ಟಂಗಿಲ್ಲ, ಸೆರಗ ಒಡ್ಡಿ ನಮ್ಮ ಬಾಗಲಿಗಿ ಬರ್ತಾಳ. ಬರ್ಲಿ. ಇನ್ನೆರಡು ಚೀಲ ಕೊಡ್ತೀನಿ, ಹೊಲ ನನ್ನ ಹೆಸರಿಗಿ ಬರಕೊಡ್ಲಿ."

ಹಿರಿಯರು ನಕ್ಕರು. ಬಾಗಿಲ ಮರೆಯಲ್ಲಿ ನಿಂತಿದ್ದ ನಿಂಬೆವ್ವಳಿಗೆ ಎಲ್ಲ ಕೇಳಿಸಿತು.

ಮರುದಿನ ಕುಂಬಾರರ ಮನೆಯಿಂದ ಎಂಟು ಗಡಿಗೆ ತಂದಳು. ವಾರದ ಏಳು ದಿನಕ್ಕೆ ಏಳು. ಸೋಮವಾರ ಚೀಲದ ಬಾಯಿ ಬಿಚ್ಚಿ, ಏಳಕ್ಕೂ ಸಮನಾಗಿ ಅಳೆದು ಹಾಕಿ, ಮತ್ತೆ ದಬ್ಬಣದಿಂದ ಹೊಲಿದುಬಿಡುವಳು. ಮಂಗಳವಾರ ನೆಂಟರು ಬಂದರೂ ಬುಧವಾರದ ಗಡಿಗೆಗೆ ಕೈ ಹೋಗಕೂಡದು. ನೆಂಟರಿಗೆ ರೊಟ್ಟಿ, ತನಗೆ ಅಂಬಲಿ. ಎಂಟನೆಯದು ಚಿಕ್ಕ ಗಡಿಗೆ. ದಿನಾ ಬೀಸಲು ಕೂರುವ ಮುಂಚೆ ಅಂದಿನ ಕಾಳಿನಿಂದ ಒಂದು ಹಿಡಿ ಅದಕ್ಕೆ ಬೀಳುತ್ತಿತ್ತು. ಅದು ಬಾವನ ಗಡಿಗೆ.

ಅಮಾವಾಸ್ಯೆ ಬಂದಾಗ ಆ ಕಾಳನ್ನು ಅಂಗಡಿಗೆ ಹಾಕಿ ಕಡಲೆಬೇಳೆ, ಗೋಧಿ, ಬೆಲ್ಲ ತರುವಳು. ಐದೇ ಹೋಳಿಗೆ ಆಗುತ್ತಿದ್ದವು. ಐದನ್ನೂ ತಾಟಿನಲ್ಲಿಟ್ಟು, ಓಣಿಯವರಿಗೆಲ್ಲ ಕಾಣುವಂತೆ, ದೌಲತರಾಯನ ಮನೆಗೆ ಒಯ್ಯುವಳು.

"ಅವ್ವಾ, ನನಗೊಂದು?"

"ಬ್ಯಾಡವ್ವ. ಇವು ಹೊಟ್ಟಿ ತುಂಬಸೋವಲ್ಲ, ಹೊಟ್ಟಿ ಉರಸೋವು."

ರೇವಮ್ಮ ಹೂರಣದ ಪಾತ್ರೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ನಿಂಬೆವ್ವ ಆ ಕಡೆ ನೋಡುತ್ತಿರಲಿಲ್ಲ.

ಬಂದ ತಾಟನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿಯಿಲ್ಲ. ದೌಲತರಾಯನ ಹೆಂಡತಿ ಸುಭದ್ರಾಬಾಯಿ ಎರಡು ಹಿಡಿ ಜೋಳ ಹಾಕಿ ಕೊಟ್ಟಳು. ನಿಂಬೆವ್ವ ಅವರ ಕಟ್ಟೆಯ ಮೇಲೆಯೇ ನಿಂತು, ಭಿಕ್ಷೆಗೆ ಬಂದಿದ್ದ ಜಂಗಮರ ಜೋಳಿಗೆಗೆ ಅದನ್ನು ಸುರಿದು ನಡೆದಳು.

"ಎಲ್ಲಿಂದ ತರ್ತಾಳಬೇ ಇಕಿ ಬೆಲ್ಲ?" ಎಂದು ದೌಲತರಾಯ ಹೆಂಡತಿಯ ಮೇಲೆ ಹರಿಹಾಯ್ದ. "ಎರಡೇ ಚೀಲ ಕೊಟ್ಟೀನಿ!"

"ನೀವೇ ಅಳದು ಕೊಟ್ಟೀರಿ. ನನಗೇನ ಕೇಳ್ತೀರಿ?" ಎಂದಳು ಸುಭದ್ರಾಬಾಯಿ, ಹೋಳಿಗೆ ಮುರಿಯುತ್ತ.

ದೀಪಾವಳಿ ದಾಟಿತು, ಸಂಕ್ರಾಂತಿಯೂ ದಾಟಿತು. ನೆರೆಮನೆಯ ಮಲಂಗಸಾಬ ತನ್ನ ಎತ್ತು ಕಟ್ಟಿ ಹೊಲ ಬಿತ್ತಿಕೊಟ್ಟಿದ್ದ. ಅದರ ಬಾಡಿಗೆಯೆಂದು, ಬೆಳೆ ಬಂದಮೇಲೆ ಎತ್ತಿನ ಮೇವಿಗೆ ಜೋಳದ ಕಣಿಕೆ ಒಯ್ದ. ರಾಶಿಯಾದಾಗ ಏಳು ಚೀಲ ಜೋಳ ಬಂತು. ಹಳೆಯ ಚೀಲದ ತಳದಲ್ಲಿ ಇನ್ನೂ ಎರಡು ಸೇರು ಉಳಿದಿತ್ತು. ಏಳು ಚೀಲ ಬಂತೆಂದು ಗಡಿಗೆಗಳನ್ನೇನೂ ಎತ್ತಿಡಲಿಲ್ಲ. ಹೋಳಿಗೆ ಮಾತ್ರ ಆರಾದವು. ಆರನೆಯದು ರೇವಮ್ಮಳಿಗೆ.

ಆ ವರ್ಷ ರಜಾಕಾರರ ಗದ್ದಲ; ಸೊಲ್ಲಾಪುರದ ಗಡಿ ಮುಚ್ಚಿ ಜೋಳದ ಧಾರಣೆ ಏರಿತು. ದೌಲತರಾಯನಿಗೆ ಆಸೆ ತಡೆಯಲಿಲ್ಲ, ಆಷಾಢದ ಮಳೆಯಲ್ಲೇ ಹಗೇವು ತೆಗೆಸಿದ. ನೆಲದೊಳಗಿನ ಆ ಕಣಜದ ಬಾಯನ್ನು ಮಳೆಗಾಲದಲ್ಲಿ ಬುದ್ಧಿಯಿದ್ದವರು ಯಾರೂ ಬಿಚ್ಚುವುದಿಲ್ಲ. ಅರ್ಧ ಮಾರಿ, ಹಸಿಮಣ್ಣು ಮೆತ್ತಿ ಮುಚ್ಚಿಸಿದ. ನೀರು ಇಳಿಯಿತು. ಭಾದ್ರಪದದಲ್ಲಿ ರಜಾಕಾರರನ್ನು ಹತ್ತಿಕ್ಕಲು ದಂಡು ಬಂದು ಗದ್ದಲವೆಲ್ಲ ಅಡಗಿದ ಮೇಲೆ, ಬೀಜಕ್ಕೆಂದು ಹಗೇವು ತೆಗೆದರೆ ಓಣಿತುಂಬ ಕೊಳೆತ ಜೋಳದ ನಾತ. ಕೈಯಲ್ಲಿ ರೊಕ್ಕವಿತ್ತು, ಊರಲ್ಲಿ ಮಾರುವಷ್ಟು ಕಾಳು ಯಾರ ಬಳಿಯೂ ಇರಲಿಲ್ಲ, ಒಬ್ಬಳನ್ನು ಬಿಟ್ಟು.

ಬಂದ. ಹೊರಗಿನ ಕಟ್ಟೆಯ ಮೇಲೆ ಕುಳಿತ.

"ನಿಂಬೆವ್ವ, ಹೆಣ್ಣ ಹೆಂಗಸು, ಒಬ್ಬಾಕಿ ಬಿತ್ತಗಿ ಹೆಂಗ ಮಾಡ್ತಿ? ನನ್ನ ಎತ್ತು, ಆಳು ಕಳಸ್ತೀನಿ. ನಿನಗೊಂದು ಆಸರ ಆಗ್ತದ. ನನಗೇನ್ ಬ್ಯಾಡ... ಒಂದೆರಡು ಚೀಲ ಜೋಳ ಕೊಟ್ಟರ ಸಾಕು."

ನಿಂಬೆವ್ವ ಮೊದಲ ಸಲ ಬಾಗಿಲ ಮರೆ ಬಿಟ್ಟು ಹೊಸ್ತಿಲಿಗೆ ಬಂದಳು.

"ಎರಡು ಚೀಲಕ್ಕ ನಾಲ್ಕು ಕೂರಗಿ ಹೊಲ ಅಂದಿದ್ರಲ್ರಿ ಬಾವಾರ. ಬರಕೊಡ್ತೀರೇನು?"

ದೌಲತರಾಯನ ಮುಖ ಬಿಳಿಚಿಕೊಂಡಿತು. ನಿಂಬೆವ್ವ ಆ ಮುಖವನ್ನು ಕಣ್ಣು ತಣಿಯುವಷ್ಟು ನೋಡಿದಳು.

"ಅಂಜಬ್ಯಾಡ್ರಿ. ನಿಮ್ಮ ಹೊಲ ನನಗ್ಯಾಕ? ಪ್ಯಾಟಿ ಧಾರಣಿಗಿ ಹಾಲಿ ಸಿಕ್ಕಾ ರೂಪಾಯಿ ಎಣಿಸಿ ಇಡ್ರಿ. ನಾಳಿಗಿ ಅದೇ ಹಿರ್ಯಾರ ಮುಂದ ನಮ್ಮ ಅಜ್ಜಿ ಸೇರಿಲೆ ಅಳದು ಕೊಡ್ತೀನಿ. ನಾ ಸೆರಗ ಒಡ್ತೀನಿ ಅಂದಿದ್ರಿ. ಮೊದಲನೇ ಸೇರು ನೀವು ಧೋತ್ರದಾಗ ಹಿಡೀರಿ."

"ಆಯ್ತವ್ವ," ಎಂದ ದೌಲತರಾಯ ನೆಲ ನೋಡುತ್ತ. "ಮತ್ತ ಎತ್ತು? ನಾಳಿಗೇ ಕಳಸ್ತೀನಿ."

"ಎತ್ತು ನಿಮ್ಮ ಕೊಟಗಿನಾಗೇ ಇರ್ಲಿ. ಏಳು ಗಡಿಗಿ ನಮ್ಮವು, ಎಂಟನೇದು ನಿಮ್ಮ ಹೋಳಿಗೀದು. ನಿಮ್ಮ ಆಸರಕ್ಕಂತ ನಾ ಗಡಿಗಿ ಇಟ್ಟಿಲ್ರಿ."