ಅಂಕಲ್ ಮರೆತ ಮೂರನೆಯ ಭಾಗ

ಕಳೆದ ಶನಿವಾರ ಪರ್ತ್‌ನ ನಮ್ಮ ಮನೆಯಲ್ಲಿ ಪಿಟೀಲಿನ ಪೆಟ್ಟಿಗೆ ತೆರೆದೆ. ಕಮಾನಿಗೆ ತಿಕ್ಕುವ ರಾಳ ಬೇಸಿಗೆಯ ಧಗೆಗೆ ಮೆತ್ತಗಾಗಿ ಬಟ್ಟೆಗೆಲ್ಲ ಅಂಟಿಕೊಂಡಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ರಿಸ್ಬೇನಿನ ರನ್‌ಕಾರ್ನ್, ನಮ್ಮ ಬೇಲಿಯಾಚೆಯ ವರಾಂಡ, ಅಲ್ಲಿ ಕೂತಿರುತ್ತಿದ್ದ ಐರಿಷ್ ಅಂಕಲ್...

ನಾನು ಕುವೈತ್‌ನಲ್ಲಿ ಎಂಟು ವರ್ಷ ನರ್ಸಾಗಿದ್ದು ರನ್‌ಕಾರ್ನ್‌ಗೆ ಬಂದಾಗ ಅವರು ನಮ್ಮ ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದರು. ಮಂಗಳೂರಿನಲ್ಲಿ ನಾನು ಇಗರ್ಜಿಯ ಹಾಡುಗಾರರ ಕಾಯಿರ್‌ಗೆ ಪಿಟೀಲು ನುಡಿಸುತ್ತಿದ್ದೆ. ಮದುವೆ, ಮಗು, ಶಿಫ್ಟ್ ಡ್ಯೂಟಿಗಳ ನಡುವೆ ಅದು ಕಪಾಟಿನ ಮೇಲೇರಿತ್ತು. ಮಾತಿನ ನಡುವೆ ಹೇಗೋ ಆ ವಿಷಯ ಬಂದಾಗ ಅಂಕಲ್, "ಮೇಲಿಟ್ಟರೆ ಪಿಟೀಲು ಮುನಿಸ್ಕೊಳ್ಳುತ್ತೆ, ಇಳಿಸು" ಅಂದರು. ಅಂದಿನಿಂದ ಡ್ಯೂಟಿ ಇಲ್ಲದ ಮಧ್ಯಾಹ್ನಗಳಲ್ಲಿ ಅವರ ವರಾಂಡದಲ್ಲಿ ಕೂತು ಅವರು ಪಿಟೀಲಿನಲ್ಲಿ ನುಡಿಸುತ್ತಿದ್ದ ಐರಿಷ್ ಮಟ್ಟುಗಳನ್ನು ಕಲಿಯತೊಡಗಿದೆ.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ಜಿಗ್. ತಕಿಟ ತಕಿಟ ಎಂದು ಓಡುವ ಕುಣಿತದ ಮಟ್ಟು. ಅದು ಅವರ ತಾಯಿಯ ತಂದೆಯದು. ಆ ಕಾಲದಲ್ಲಿ ಅವರ ಹಳ್ಳಿಯವರು ಯಾರದಾದರೂ ಅಡುಗೆಮನೆಯಲ್ಲಿ ಮೇಜು ಸರಿಸಿ ಕುಣಿಯುತ್ತಿದ್ದರಂತೆ, ಅಜ್ಜ ಮೂಲೆಯಲ್ಲಿ ಕೂತು ನುಡಿಸುತ್ತಿದ್ದರಂತೆ. ಒಂದು ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ ಮನೆಕುಣಿತವೆಲ್ಲ ಪಾಪವೆಂದು ಗದರಿದರು. ಅಜ್ಜ ಮನೆಗೆ ಬಂದು ಪಿಟೀಲನ್ನು ಅಟ್ಟಕ್ಕೆ ಹಾಕಿದವರು ಸಾಯುವ ತನಕ ಇಳಿಸಲಿಲ್ಲ. ಮಟ್ಟು ಉಳಿದದ್ದು ಮಗಳ ಬಾಯಲ್ಲಿ. ಆಕೆ ಹಾಲು ಕರೆಯುವಾಗ ಪದಗಳಿಲ್ಲದೆ ಬರೀ ನಾಲಿಗೆಯಲ್ಲಿ ಅದನ್ನು ಕುಣಿಸುತ್ತಿದ್ದಳು. ಅಂಕಲ್ ಮತ್ತು ಅವರ ಅಕ್ಕ ಹಾಗೆ ಕೇಳಿಯೇ ಕಲಿತದ್ದು.

ಇಂಥ ಮಟ್ಟುಗಳಿಗೆ ಸಾಮಾನ್ಯವಾಗಿ ಎರಡು ಭಾಗ. ಇದಕ್ಕೆ ಅಜ್ಜ ಮೂರನೆಯದನ್ನು ಸೇರಿಸಿದ್ದರು. ಪುಸ್ತಕಗಳಲ್ಲಿ ಈ ಜಿಗ್ ಬೇರೆ ಊರಿನ ಹೆಸರಿನಲ್ಲಿ, ಎರಡೇ ಭಾಗಗಳಲ್ಲಿ ಅಚ್ಚಾಗಿತ್ತು. "ಅದು ಅರ್ಧ ದೇಹ" ಅನ್ನುತ್ತಿದ್ದರು ಅಂಕಲ್.

ನಾನು ಆ ಮೂರನೆಯ ಭಾಗ ಕಲಿಯುವ ಮೊದಲೇ ಅವರಿಗೆ ಸ್ಟ್ರೋಕ್ ಆಯಿತು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ ಮೇಲೆ ಬೆರಳುಗಳು ಮರಳಿದವು. ಮೂರನೆಯ ಭಾಗ ಮರಳಲಿಲ್ಲ. ಎರಡನೆಯದು ಮುಗಿದ ಕೂಡಲೇ ಕಮಾನು ತಂತಿಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಭಾನುವಾರ ಪಬ್‌ನಲ್ಲಿ ಸೇರುತ್ತಿದ್ದ ವಾದಕರಲ್ಲಿ ಒಬ್ಬಳು ಹುಡುಗಿ, ಪಾಪ, ಸಮಾಧಾನಕ್ಕೆಂದೇ, "ಬುಕ್ಕಲ್ಲೂ ಎರಡೇ ಇರೋದು, ಬಿಡಿ" ಅಂದಳು. ಆಮೇಲೆ ಅಂಕಲ್ ಅಲ್ಲಿಗೆ ಹೋಗುವುದನ್ನೇ ಬಿಟ್ಟರು.

ಆ ಮೂರನೆಯ ಭಾಗ ಗೊತ್ತಿದ್ದ ಇನ್ನೊಂದು ಜೀವವೆಂದರೆ ಅಡಿಲೇಡಿನಲ್ಲಿದ್ದ ಅಕ್ಕ. ಅವರ ಅಮ್ಮ ತೀರಿಕೊಂಡದ್ದು ಆ ಅಕ್ಕನ ಮನೆಯಲ್ಲಿ. ಆಗ ಅಂಕಲ್ ಊರೂರು ಸುತ್ತಿ ಪಿಟೀಲು ನುಡಿಸುತ್ತಿದ್ದರು. ಸಾವಿನ ಸುದ್ದಿ ಮುಟ್ಟಿದರೂ ಕಾರ್ಯಕ್ರಮ ಬಿಟ್ಟು ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅಂದಿನಿಂದ ಅಕ್ಕತಮ್ಮನಿಗೆ ಮಾತಿಲ್ಲ. ನಾನು ಒಂದು ವಾರದ ಟ್ರೇನಿಂಗಿಗೆ ಅಡಿಲೇಡಿಗೆ ಹೊರಟಾಗ ಅಂಕಲ್ ಕಾಗದದ ಮೇಲೆ ಸೊಟ್ಟ ಅಕ್ಷರದಲ್ಲಿ ಅಕ್ಕನ ಗ್ಲೆನೆಲ್ಗಿನ ವಿಳಾಸ ಬರೆದು ಕೈಗಿಟ್ಟರು. ಏನನ್ನೂ ಕೇಳಲಿಲ್ಲ...

ಕಡಲ ಹತ್ತಿರದ ಚಿಕ್ಕ ಫ್ಲಾಟು. ಅಕ್ಕ ಟೀ ಕೊಟ್ಟು ನಾನು ಬಂದ ಕಾರಣವನ್ನು ಪೂರ್ತಿ ಕೇಳಿಸಿಕೊಂಡರು. "ಅವನಿಗೆ ಅವತ್ತೂ ಅಮ್ಮ ಬೇಕಾಗಿರ್ಲಿಲ್ಲ, ಅಮ್ಮನ ಮಟ್ಟು ಬೇಕಾಗಿತ್ತು" ಅಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಹಾಡಿದರು. ಒಡಕು ದನಿ, ಆದರೆ ಲಯ ಎಲ್ಲೂ ಜಾರಲಿಲ್ಲ. ನನಗೆ ಬಾಯಿಪಾಠವಾಗುವ ತನಕ ಮತ್ತೆ ಮತ್ತೆ ಹಾಡಿದರು. ಕಡೆಗೆ ನನ್ನ ಮೊಣಕೈ ಹಿಡಿದು, "ಇದು ನಿನಗೆ. ಅವನಿಗೆ ಕೊಡಬೇಡ. ಅವನು ಫೋನ್ ಮಾಡಿ ಕೇಳಲಿ, ನಾನೇ ಹಾಡ್ತೀನಿ" ಅಂದರು. ನಾನು ಒಪ್ಪಿದೆ.

ನಾನು ವಾಪಸ್ ಬಂದ ದಿನ ಅಂಕಲ್ ಬೇಲಿ ಹಿಡಿದು ನಿಂತಿದ್ದರು.

"ಸಿಕ್ತಾ?"

"ಆಂಟಿಗೆ ಪೂರ್ತಿ ನೆನಪಿದೆ, ಅಂಕಲ್. ನೀವೇ ಫೋನ್ ಮಾಡ್ಬೇಕಂತೆ."

ಅವರು ವರಾಂಡಕ್ಕೆ ಹೋಗಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡು ಸಲ ನಂಬರ್ ಒತ್ತಲು ಹೋಗಿ ನಿಲ್ಲಿಸಿದರು. "ಮೊದಲ ಮಾತು ಏನಂತ ಆಡ್ಲಿ?" ಅಂದರು. ಸ್ಟ್ರೋಕ್‌ನಿಂದ ಜೋತಿದ್ದ ತುಟಿಯಲ್ಲಿ ಅದನ್ನೇ ಮತ್ತೆ ಕೇಳಿದರು. ನನಗೆ ನೋಡಲಾಗಲಿಲ್ಲ. ಪಿಟೀಲು ತೆಗೆದು ಮೂರನೆಯ ಭಾಗ ನುಡಿಸಿಬಿಟ್ಟೆ.

ಅವರು ಮುಖ ಮುಚ್ಚಿಕೊಂಡು ಅತ್ತರು. ಸ್ವಲ್ಪ ಹೊತ್ತಿಗೆ ತಾವೇ ನುಡಿಸಿದರು, ಎಲ್ಲೂ ನಿಲ್ಲದೆ.

"ಈಗ ಫೋನ್ ಮಾಡಿ, ಅಂಕಲ್."

"ನಾಳೆ ಮಾಡ್ತೀನಿ."

ಆ ನಾಳೆ ಬರಲಿಲ್ಲ. ಬೇಕಾದದ್ದು ಸಿಕ್ಕಿತ್ತು, ಕಷ್ಟದ ಆ ಮೊದಲ ಮಾತು ಆಡುವ ಅಗತ್ಯ ಉಳಿದಿರಲಿಲ್ಲ. ಬೇಲಿಯಾಚೆಯಿಂದ ದಿನಾ ಮೂರೂ ಭಾಗ ಕೇಳಿಸುತ್ತಿತ್ತು. ಒಂದು ಭಾನುವಾರ ಪಬ್‌ಗೂ ಮತ್ತೆ ಹೋಗಿ ಅದನ್ನು ನುಡಿಸಿ ಬಂದರು. ನಾನೂ ಒತ್ತಾಯಿಸುವುದನ್ನು ಬಿಟ್ಟೆ. ಏಳು ವಾರ ಕಳೆದು ಎರಡನೆಯ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಹೋದರು.

ಮಣ್ಣಿಗೆ ಅಕ್ಕ ಬಂದರು. ಅಮ್ಮನ ಸಾವಿಗೂ ಬಾರದ ತಮ್ಮನಿಗಾಗಿ ಒಬ್ಬರೇ ವಿಮಾನ ಹತ್ತಿ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಇಗರ್ಜಿಯಲ್ಲಿ ಆ ಜಿಗ್ ಅನ್ನು ನಿಧಾನವಾಗಿ ನುಡಿಸಲು ಪಬ್‌ನ ವಾದಕರು ನನ್ನನ್ನು ಕೇಳಿದ್ದರು. ನಾನು ಎರಡಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕೆಂದೇ ಅಂದುಕೊಂಡಿದ್ದೆ. ಆದರೆ ಅಂಕಲ್ ಅರ್ಧ ದೇಹ ಅಂದದ್ದು ನೆನಪಾಗಿ ಕೈ ಮುಂದಕ್ಕೆ ಹೋಯಿತು. ನನ್ನ ಹಿಂದಿದ್ದ ವಾದಕರಲ್ಲೊಬ್ಬರು ಆ ಮೂರನೆಯದನ್ನು ಗುರುತಿಸಿ, "ಇದನ್ನೇ ಅಲ್ವಾ ಅವರು ಕಡೇ ಸಲ ಪಬ್ಬಿಗೆ ಬಂದಾಗ ನುಡಿಸಿದ್ದು" ಎಂದು ಪಿಸುಗುಟ್ಟಿದ್ದು ಮೊದಲ ಬೆಂಚಿಗೂ ಕೇಳಿಸಿತು. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು.

ಹೊರಗೆ ಬಂದಾಗ ಅವರೇ ಹತ್ತಿರ ಬಂದರು. "ನೀನು ಅವನಿಗೆ ಕೊಟ್ಟುಬಿಟ್ಟಿದ್ದೆ, ಅಲ್ವಾ?"

"ಹೌದು, ಆಂಟಿ. ಅವತ್ತೇ."

ಅವರು ಸಿಟ್ಟಾಗಲಿಲ್ಲ. "ಅವನು ಯಾಕೆ ಫೋನ್ ಮಾಡ್ಲಿಲ್ಲ ಅಂತ ದಿನಾ ಯೋಚಿಸ್ತಿದ್ದೆ" ಅಂದರು. "ಈಗ ಗೊತ್ತಾಯ್ತು." ಟ್ಯಾಕ್ಸಿ ಬಂತು, ಹೋದರು. ಆಮೇಲೆ ಎರಡು ಸಲ ಕಾಗದ ಬರೆದೆ. ಉತ್ತರ ಬರಲಿಲ್ಲ...

ಗಂಡನ ಕೆಲಸಕ್ಕೆಂದು ನಾವು ಪರ್ತ್‌ಗೆ ಬಂದು ಆರು ವರ್ಷವಾಯಿತು. ಅಕ್ಕನೂ ಈಗಿಲ್ಲ. ಇಲ್ಲಿಯ ವಾದಕರ ಗುಂಪಿಗೆ ನಾನು ಮೂರೂ ಭಾಗ ಕಲಿಸಿದ್ದೇನೆ; ಈಗ ಯಾರೂ ಅದನ್ನು ಎರಡಕ್ಕೆ ನಿಲ್ಲಿಸುವುದಿಲ್ಲ. ಎಲ್ಲಿಂದ ಬಂತು ಎಂದು ಹೊಸಬರು ಕೇಳಿದಾಗ ಅಜ್ಜನ ಕಥೆ ಹೇಳುತ್ತೇನೆ, ಹಾಲು ಕರೆಯುತ್ತ ಹಾಡಿದ ಮಗಳ ಕಥೆ ಹೇಳುತ್ತೇನೆ, ಗ್ಲೆನೆಲ್ಗಿನ ಆಂಟಿ ಹಾಡಿ ಕಲಿಸಿದ್ದನ್ನೂ ಹೇಳುತ್ತೇನೆ. ಆ ಒಂದು ಫೋನ್ ಕರೆ ನನ್ನಿಂದ ತಪ್ಪಿಹೋಯಿತು ಎಂಬುದನ್ನು ಮಾತ್ರ ಇಲ್ಲಿಯ ತನಕ ಯಾರಿಗೂ ಹೇಳಿಲ್ಲ.